ಸುಳ್ಳು ತಾರೀಖು ಎಲ್ಲಿರಬೇಕು, ಎಲ್ಲಿರಬಾರದು

ಕೆಲವು ವರ್ಷಗಳ ಹಿಂದಿನ ಮಾತು. ಸಂಡೂರು ಕಡೆಯ ರೈತರೊಬ್ಬರು ಮೆಕ್ಕೆಜೋಳದ ಬೀಜ ಮೊಳಕೆ ಬಂದಿಲ್ಲ ಎಂದು ದೂರು ಹಿಡಿದು ಓಡಾಡುತ್ತಿದ್ದರು. ನಾವು ಆಗಷ್ಟೇ ಪತ್ರಿಕೆಗೆ ಬಿಡಿ ಸುದ್ದಿ ಕಳಿಸುವ ಕೆಲಸ ಹಿಡಿದಿದ್ದೆವು. ಸುದ್ದಿಯಾಗುತ್ತದೆ ಎಂದು ಅವರ ಜೊತೆ ಹೋದೆವು. ಅವರ ಕೈಯಲ್ಲಿ ಬೀಜದ ಚೀಲ ಇತ್ತು, ಅಂಗಡಿಯ ಬಿಲ್ ಇತ್ತು, ಬೋಳಾಗಿ ನಿಂತ ಹೊಲದ ಫೋಟೊ ಇತ್ತು. ಇನ್ನೇನು ಬೇಕು ಅಂದುಕೊಂಡೆವು.

ಮೇಜಿನ ಆಚೆ ಕೂತಿದ್ದವರು ಬಿಲ್ ನೋಡಿದರು. ಚೀಲಕ್ಕೆ ಹೊಲಿದಿದ್ದ ಚೀಟಿ ನೋಡಿದರು. ಮತ್ತೆ ಬಿಲ್ ನೋಡಿದರು.

"ಬಿಲ್ ಮೇ 12ಕ್ಕೆ ಆಗೈತೆ. ಚೀಟಿ ಮ್ಯಾಲೆ ಬೀಜ ಪರೀಕ್ಷೆ ಮಾಡಿದ್ದು ಮೇ 20 ಅಂತ ಐತೆ. ಪರೀಕ್ಷೆ ಆಗೋಕಿಂತ ಮುಂಚೇನೇ ನಿಮಗೆ ಬೀಜ ಹೆಂಗೆ ಸಿಕ್ತು ಯಜಮಾನ್ರೆ?"

"ನಾನು ತಗಂಡಿದ್ದು ಕಾರಹುಣ್ಣಿಮೆ ಆದ ಮೂರನೇ ದಿನ ಸಾರ್. ಬಿಲ್‌ನಾಗೆ ಏನೈತೋ ನನಗೇನು ಗೊತ್ತು."

ಅವರು ಹೇಳಿದ್ದೇ ನಿಜ. ನಾವು ಅಂಗಡಿಗೆ ಹೋಗಿ ವಿಚಾರಿಸಿದೆವು. ಬಿಲ್ ಹಾಕುವ ಹುಡುಗ ಮುಚ್ಚಿಡದೆ ಹೇಳಿದ: "ಬಿಲ್ ಸಾಫ್ಟ್‌ವೇರ್‌ನ ಪುಕ್ಕಟೆ ತಿಂಗಳು ಮುಗಿದಿತ್ತಣ್ಣ. ಕಂಪ್ಯೂಟರ್ ತಾರೀಖು ಒಂದು ತಿಂಗಳು ಹಿಂದಕ್ಕೆ ತಳ್ಳಿದ್ರೆ ಮತ್ತೆ ನಡೀತೈತೆ." ಅವನಿಗೆ ಒಂದು ಸಾಫ್ಟ್‌ವೇರ್ ಮೋಸ ಹೋಗಬೇಕಿತ್ತು. ಆದರೆ ಇಡೀ ಕಂಪ್ಯೂಟರ್ ಹಿಂದಕ್ಕೆ ಹೋಯಿತು. ಅದರ ಜೊತೆ ಆ ತಿಂಗಳು ಹರಿದ ಬಿಲ್ಲುಗಳೆಲ್ಲ ಹಿಂದಕ್ಕೆ ಹೋದವು. ಅಂಗಡಿಯವರಿಂದ ತಿದ್ದುಪಡಿ ಪತ್ರ ಬರೆಸಿ, ಮತ್ತೆ ಅರ್ಜಿ ಕೊಡುವಷ್ಟರಲ್ಲಿ ಮರುಬಿತ್ತನೆಯ ಹದ ಕಳೆದುಹೋಗಿತ್ತು.

ಇಂಥದ್ದನ್ನು ನಿಮ್ಮಲ್ಲಿ ಕೆಲವರು ಫೋನಿನಲ್ಲೂ ಮಾಡಿರುತ್ತೀರಿ. ಆಟದಲ್ಲಿ ಜೀವ ಖಾಲಿಯಾದರೆ ಮಕ್ಕಳು ಫೋನಿನ ತಾರೀಖನ್ನು ನಾಳೆಗೆ ಇಡುತ್ತಾರೆ. ಆಟ ನಡೆಯುತ್ತದೆ. ಆದರೆ ವಾಟ್ಸಾಪ್ ತೆರೆದರೆ ಫೋನಿನ ದಿನಾಂಕ ತಪ್ಪಾಗಿದೆ ಎಂದು ತಕರಾರು ತೆಗೆಯುತ್ತದೆ. ಬ್ರೌಸರಿನಲ್ಲಿ ಕೆಲವು ಪುಟ ತೆರೆಯದೆ ಹೋಗಬಹುದು. ಒಬ್ಬರಿಗೆ ಹೇಳಿದ ಸುಳ್ಳು ಮನೆಮಂದಿಗೆಲ್ಲ ತಟ್ಟುತ್ತದೆ.

ಹಾಗಾದರೆ ಬೇಕಾದ ಒಂದೇ ಪ್ರೋಗ್ರಾಮಿಗೆ ಬೇರೆ ತಾರೀಖು ತೋರಿಸಿ, ಉಳಿದದ್ದಕ್ಕೆಲ್ಲ ನಿಜವಾದ ತಾರೀಖು ಉಳಿಸಲು ಆಗುತ್ತದೆಯೇ? ಆಗುತ್ತದೆ. ಸಾಫ್ಟ್‌ವೇರ್ ಪರೀಕ್ಷಿಸುವವರು ಅದನ್ನು ದಿನವೂ ಮಾಡುತ್ತಾರೆ. ಮೋಸಕ್ಕಲ್ಲ, ಮೋಸ ಆಗದಿರಲೆಂದು. ಆ ಕೆಲಸದ ಚರಿತ್ರೆ ಇವತ್ತಿನ ಬರಹ. ಶುರು ಮಾಡುವುದು ನಮ್ಮ ಹಂಪಿಯಿಂದಲೇ.

ತಾಮ್ರದ ಮೇಲಿನ ತಾರೀಖು

ತಾರೀಖಿನ ಸುಳ್ಳು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. ವಿಜಯನಗರ ಯಾವಾಗ ಸ್ಥಾಪನೆಯಾಯಿತು ಎಂದು ಶಾಲೆಯ ಮಕ್ಕಳನ್ನು ಕೇಳಿದರೆ 1336 ಎನ್ನುತ್ತಾರೆ. ಆ ಇಸವಿಯನ್ನು ಹೇಳುವ ತಾಮ್ರಶಾಸನಗಳಲ್ಲಿ ಬಾಗೇಪಲ್ಲಿಯದೂ ಕಪಲೂರಿನದೂ ಹೆಸರಾದವು. ಅವೆರಡನ್ನೂ ಅನೇಕ ಶಾಸನತಜ್ಞರು ಕೂಟಶಾಸನ ಎನ್ನುತ್ತಾರೆ. ಅಂದರೆ ನಂತರದ ಕಾಲದಲ್ಲಿ ಕೆತ್ತಿ, ಹಿಂದಿನ ತಾರೀಖು ಹಾಕಿದವು. ಹರಿಹರ ಮತ್ತು ಅವನ ತಮ್ಮಂದಿರು ಶೃಂಗೇರಿಯ ಮಠಕ್ಕೆ ದಾನ ಕೊಟ್ಟ 1346ರ ಕಲ್ಲಿನ ಶಾಸನವನ್ನು ಮಾತ್ರ ವಿದ್ವಾಂಸರು ಗಟ್ಟಿ ಆಧಾರ ಎಂದು ಒಪ್ಪುತ್ತಾರೆ.

ಕೂಟಶಾಸನ ಸಿಕ್ಕಿಬೀಳುವುದು ಹೇಗೆ? ಅದರ ಲಿಪಿ ಹೇಳುವ ಕಾಲ ಒಂದು, ತಾರೀಖು ಹೇಳುವ ಕಾಲ ಇನ್ನೊಂದು. ಆಗಿನ್ನೂ ಇಲ್ಲದ ಬಿರುದು, ಆಗಿನ್ನೂ ನಡೆಯದ ಸಂಗತಿ ಅದರಲ್ಲಿ ನುಸುಳಿರುತ್ತದೆ. ತಿಥಿಗೂ ವಾರಕ್ಕೂ ತಾಳೆಯಾಗುವುದಿಲ್ಲ. ನಮ್ಮ ರೈತರ ಬಿಲ್ಲನ್ನು ಬೀಜದ ಚೀಟಿ ಹಿಡಿದುಕೊಟ್ಟಿತಲ್ಲ, ಹಾಗೆಯೇ. ಕೂಟಶಾಸನ ಬರೆಸಿದವರಿಗೆ ಹೆಚ್ಚಾಗಿ ಜಮೀನಿನ ಹಕ್ಕು ಬೇಕಿರುತ್ತಿತ್ತು. ಸುಳ್ಳು ತಾರೀಖು ನಿಜವಾದ ದಾಖಲೆಗೆ ಹೊಕ್ಕರೆ ಯಾರದೋ ಭೂಮಿ ಯಾರಿಗೋ ಹೋಗುತ್ತದೆ.

ಆದರೆ ಬೇರೆ ಗಡಿಯಾರ ಎಂದರೆ ಯಾವಾಗಲೂ ಸುಳ್ಳಲ್ಲ. ಭಾರತದ ಸಾಮಾನ್ಯ ಕಾಲಮಾನ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೂ ಮೊದಲು ರೈಲುಗಳು ಮದ್ರಾಸ್ ಕಾಲಮಾನದಲ್ಲಿ ಓಡುತ್ತಿದ್ದವು, ಊರುಗಳು ತಮ್ಮ ತಮ್ಮ ಸೂರ್ಯನನ್ನು ನಂಬಿದ್ದವು. ಈಗಲೂ ಲೆಕ್ಕ ಹಾಕಿ ನೋಡಿ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಹಂಪಿ ಇರುವುದು ಸುಮಾರು 76.5 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ, ಹಂಪಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ನೋಡಿದರೆ ಫೋನಿನ 12 ಗಂಟೆಗಿಂತ 24 ನಿಮಿಷ ತಡವಾಗಿ. 24 ನಿಮಿಷ ಎಂದರೆ ಹಿರಿಯರ ಲೆಕ್ಕದ ಒಂದು ಗಳಿಗೆ. ವಿರೂಪಾಕ್ಷನ ತೇರು ಪಂಚಾಂಗ ನೋಡಿ ಎಳೆಯುತ್ತಾರೆ, ಹೊಸಪೇಟೆಯ ಬಸ್ಸು ಗಡಿಯಾರ ನೋಡಿ ಬಿಡುತ್ತಾರೆ. ಯಾವ ಕೆಲಸಕ್ಕೆ ಯಾವ ಲೆಕ್ಕ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಯಾರಿಗೂ ತೊಂದರೆಯಿಲ್ಲ.

ವ್ಯತ್ಯಾಸ ಇಷ್ಟೇ. ಎಲ್ಲರಿಗೂ ಗೊತ್ತಿದ್ದು, ಒಂದು ಕೆಲಸಕ್ಕೆ ಮಾತ್ರ ಇಟ್ಟ ಗಡಿಯಾರ ಉಪಕರಣ. ಮುಚ್ಚಿಟ್ಟು ದಾಖಲೆಗೆ ಇಳಿಸಿದ್ದು ಕೂಟ.

ಎರಡು ಅಂಕಿಯ ಉಳಿತಾಯ

ಈಗ 1999ಕ್ಕೆ ಬನ್ನಿ. ಆ ವರ್ಷ ನಮ್ಮ ಬಳ್ಳಾರಿ ದೇಶಕ್ಕೆಲ್ಲ ಸುದ್ದಿ. ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಲೋಕಸಭೆಗೆ ಇಲ್ಲಿ ಎದುರುಬದುರಾಗಿ ನಿಂತಿದ್ದರು. ಹಂಪಿಯನ್ನು ಯುನೆಸ್ಕೊ ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿದ್ದೂ ಅದೇ ವರ್ಷ. ನಾವಾಗ ಶಾಲೆಯ ಮಕ್ಕಳು. ಡಿಸೆಂಬರ್ 31ರ ರಾತ್ರಿ ಕಂಪ್ಯೂಟರುಗಳೆಲ್ಲ ಕೆಟ್ಟು ಲೋಕ ಮುಳುಗುತ್ತದೆ ಎಂಬ ಮಾತು ಊರ ಹೋಟೆಲಿನಲ್ಲೂ ಕೇಳಿಬರುತ್ತಿತ್ತು. ವೈ2ಕೆ ಎಂದರೆ ಏನೆಂದು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ವಿಷಯ ಸರಳ. 1960ರ, 70ರ ದಶಕಗಳಲ್ಲಿ ಕಂಪ್ಯೂಟರಿನ ನೆನಪಿನ ಜಾಗ ಬಲು ದುಬಾರಿ. ಮಾಹಿತಿ ತುಂಬುವ ರಟ್ಟಿನ ಕಾರ್ಡಿನಲ್ಲಿ ಇದ್ದದ್ದು 80 ಕಾಲಂ. ಅದರಲ್ಲಿ ಹೆಸರು, ಖಾತೆ, ಮೊತ್ತ, ತಾರೀಖು ಎಲ್ಲ ಹಿಡಿಯಬೇಕು. ಆದ್ದರಿಂದ 1967 ಎಂದು ಬರೆಯುವ ಬದಲು 67 ಎಂದು ಬರೆದರು. ಬ್ಯಾಂಕು, ವಿಮೆ, ಸಂಬಳ ಎಲ್ಲದರ ಕೋಬಾಲ್ ಪ್ರೋಗ್ರಾಮುಗಳು ಹೀಗೇ ಬೆಳೆದವು. 1999 ಮುಗಿದು 00 ಬಂದರೆ ಅದು 2000ವೋ, 1900ವೋ ಕಂಪ್ಯೂಟರಿಗೆ ತಿಳಿಯದು. 1967ರಲ್ಲಿ ಹುಟ್ಟಿದವರ ವಯಸ್ಸನ್ನು 00ರಿಂದ 67 ಕಳೆದು ಲೆಕ್ಕ ಹಾಕಿದರೆ ಏನು ಬರುತ್ತದೆ, ನೀವೇ ನೋಡಿ.

ಕೋಟಿಗಟ್ಟಲೆ ಸಾಲುಗಳ ಹಳೆಯ ಪ್ರೋಗ್ರಾಮುಗಳನ್ನು ಓದಿ, ತಿದ್ದಿ, ಪರೀಕ್ಷಿಸಲು ಅಮೆರಿಕ, ಯುರೋಪಿನಲ್ಲಿ ಜನ ಸಾಲಲಿಲ್ಲ. ಆ ಕೆಲಸದ ದೊಡ್ಡ ಪಾಲು ಭಾರತಕ್ಕೆ ಬಂತು. ಬೆಂಗಳೂರಿನ ಇನ್ಫೋಸಿಸ್, ವಿಪ್ರೋ ಅಂಥ ಕಂಪನಿಗಳು ಈ ಕೆಲಸದ ಮೂಲಕ ಹೊರದೇಶದ ಗಿರಾಕಿಗಳ ನಂಬಿಕೆ ಗಳಿಸಿದವು. ಇನ್ಫೋಸಿಸ್ ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಸೇರಿದ್ದು 1999ರ ಮಾರ್ಚಿನಲ್ಲಿ. ನಮ್ಮ ಕಡೆಯಿಂದ ಓದಿದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುವುದು ಹೆಚ್ಚಾದದ್ದೂ ಆ ಕಾಲದ ನಂತರವೇ.

ನಾಳೆಯನ್ನು ಇವತ್ತೇ ತೋರಿಸುವುದು

ತಿದ್ದುವುದು ಅರ್ಧ ಕೆಲಸ. ತಿದ್ದಿದ್ದು ಸರಿಯಿದೆಯೇ ಎಂದು ತಿಳಿಯಬೇಕಲ್ಲ? 2000 ಬರುವವರೆಗೆ ಕಾಯುವ ಹಾಗಿಲ್ಲ. ಹಾಗಾಗಿ ಪ್ರೋಗ್ರಾಮಿಗೆ ಈಗಲೇ 2000 ಬಂದಿದೆ ಎಂದು ತೋರಿಸಬೇಕು.

ಮೊದಲ ಉಪಾಯ ಬೀಜದಂಗಡಿಯ ಹುಡುಗನದೇ: ಇಡೀ ಯಂತ್ರದ ಗಡಿಯಾರ ಮುಂದಕ್ಕೆ ತಿರುಗಿಸುವುದು. ಇದರಲ್ಲಿ ಅಪಾಯಗಳು ಬಹಳ. ತಾರೀಖು ಮುಂದೆ ಹೋದ ಕೂಡಲೇ ಪಾಸ್‌ವರ್ಡುಗಳ ಅವಧಿ ಮುಗಿಯುತ್ತದೆ. ಬಾಡಿಗೆ ಸಾಫ್ಟ್‌ವೇರಿನ ಲೈಸೆನ್ಸ್ ಮುಗಿಯುತ್ತದೆ. ಇಂಥ ದಿನದವರೆಗೆ ಕಾಪಾಡು ಎಂದು ಗುರುತು ಹಾಕಿದ ಟೇಪುಗಳನ್ನು ಯಂತ್ರ, ಅವಧಿ ಮುಗಿಯಿತು, ಇನ್ನು ಅಳಿಸಬಹುದು ಎಂದು ಪರಿಗಣಿಸುತ್ತದೆ. ತಾರೀಖು ವಾಪಸ್ ತಂದ ಮೇಲೂ ಮುಂದಿನ ವರ್ಷದ ಗುರುತಿರುವ ಕಡತಗಳು ಅಲ್ಲಿ ಉಳಿದುಬಿಡುತ್ತವೆ. ದೊಡ್ಡ ಯಂತ್ರವನ್ನು ನೂರಾರು ಜನ ಒಟ್ಟಿಗೆ ಬಳಸುತ್ತಿರುವಾಗ ಒಬ್ಬರ ಪರೀಕ್ಷೆಗಾಗಿ ಎಲ್ಲರ ಗಡಿಯಾರ ತಿರುಗಿಸುವುದು ಸಾಧ್ಯವೇ ಇಲ್ಲ. ಪರೀಕ್ಷೆಗೆಂದೇ ಬೇರೆ ಯಂತ್ರ ಕೊಳ್ಳಲು ಎಲ್ಲರಿಗೂ ಹಣವಿರಲಿಲ್ಲ.

ಎರಡನೇ ಉಪಾಯ ಜಾಣತನದ್ದು. ಪ್ರೋಗ್ರಾಮಿಗೆ ಸ್ವಂತ ಗಡಿಯಾರ ಇಲ್ಲ. ತಾರೀಖು ಬೇಕಾದಾಗಲೆಲ್ಲ ಅದು ಯಂತ್ರವನ್ನು ಕೇಳಬೇಕು. ಕೇಳುವ ದಾರಿಯ ನಡುವೆ ಒಬ್ಬರನ್ನು ಕೂರಿಸಿದರೆ ಮುಗಿಯಿತು. ಮನೆಯಲ್ಲಿ ಓದುವ ಹುಡುಗ ಒಳಕೋಣೆಯಿಂದ "ಟೈಮ್ ಎಷ್ಟಾತಮ್ಮಾ?" ಎಂದು ಕೂಗುತ್ತಾನೆ. ಗೋಡೆಯಲ್ಲಿ ಆರೂವರೆ. ಅಮ್ಮ "ಏಳಾತಪ್ಪಾ, ಏಳು" ಎನ್ನುತ್ತಾಳೆ. ಹುಡುಗ ಎದ್ದು ಸ್ನಾನಕ್ಕೆ ಹೋಗುತ್ತಾನೆ. ಗೋಡೆಯ ಗಡಿಯಾರ ಅಲುಗಿಲ್ಲ, ಅಪ್ಪನ ಬಸ್ಸು ತಪ್ಪಿಲ್ಲ. ಅಮ್ಮ ಮಾಡಿದ್ದೇ ಈ ಉಪಾಯ.

ವೈ2ಕೆ ಕಾಲದಲ್ಲಿ ದೊಡ್ಡ ಯಂತ್ರಗಳಿಗೆ ಇದೇ ಕೆಲಸದ ಸಾಫ್ಟ್‌ವೇರುಗಳು ಮಾರಾಟಕ್ಕೆ ಬಂದವು. ಒಂದರ ಹೆಸರು ಹವರ್‌ಗ್ಲಾಸ್, ಇನ್ನೊಂದರ ಹೆಸರು ಟಿಕ್‌ಟಾಕ್. ಈಗಿನ ವಿಡಿಯೊ ಆ್ಯಪಿಗೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷೆಯ ಪ್ರೋಗ್ರಾಮ್ ತಾರೀಖು ಕೇಳಿದರೆ ಅವು ನಡುವೆ ನಿಂತು ಬೇಕಾದ ತಾರೀಖು ಹೇಳುತ್ತಿದ್ದವು. ಅದೇ ಯಂತ್ರದಲ್ಲಿ ಓಡುವ ಉಳಿದ ಪ್ರೋಗ್ರಾಮುಗಳಿಗೆ ನಿಜವಾದ ತಾರೀಖೇ ಸಿಗುತ್ತಿತ್ತು.

ಯಾವ ತಾರೀಖುಗಳನ್ನು ತೋರಿಸುತ್ತಿದ್ದರು? 1999ರ ಡಿಸೆಂಬರ್ 31, 2000ದ ಜನವರಿ 1 ಇದ್ದೇ ಇವೆ. 1999ರ ಸೆಪ್ಟೆಂಬರ್ 9 ಕೂಡ ಇತ್ತು. ಕೆಲವು ಹಳೆಯ ಪ್ರೋಗ್ರಾಮುಗಳಲ್ಲಿ ಸಾಲು ಒಂಬತ್ತುಗಳನ್ನು "ಇಲ್ಲಿಗೆ ಮುಗಿಯಿತು" ಎಂಬ ಗುರುತಾಗಿ ಬಳಸಿರಬಹುದು ಎಂಬ ಭಯ. ಅದಕ್ಕಿಂತ ಮುಖ್ಯವಾದದ್ದು 2000ದ ಫೆಬ್ರವರಿ 29. ನೂರರಿಂದ ಭಾಗವಾಗುವ ವರ್ಷಕ್ಕೆ ಅಧಿಕ ದಿನ ಇಲ್ಲ, ಆದ್ದರಿಂದ 1900ಕ್ಕೆ ಇರಲಿಲ್ಲ. ಆದರೆ 400ರಿಂದ ಭಾಗವಾದರೆ ಇದೆ, ಆದ್ದರಿಂದ 2000ಕ್ಕೆ ಇತ್ತು. ಅರ್ಧ ನಿಯಮ ಕಲಿತವರ ಪ್ರೋಗ್ರಾಮು ಅಲ್ಲಿ ಮುಗ್ಗರಿಸುತ್ತದೆ.

ಜನವರಿ 1 ಬಂತು. ಲೋಕ ಮುಳುಗಲಿಲ್ಲ. ಎಲ್ಲ ಸುಳ್ಳು ಗದ್ದಲ ಎಂದು ಜನ ನಕ್ಕರು. ಕಟ್ಟೆ ಒಡೆಯಲಿಲ್ಲ ಎಂದು ಕಟ್ಟೆ ರಿಪೇರಿ ಮಾಡಿದವರನ್ನು ನೋಡಿ ನಕ್ಕ ಹಾಗೆ. ರಿಪೇರಿ ತಪ್ಪಿದ ಕಡೆ ಏನಾಯಿತು ಎಂಬುದಕ್ಕೆ ಎರಡು ಉದಾಹರಣೆ ಸಾಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಡಿಯೊ ಅಂಗಡಿಯೊಂದು ಗಿರಾಕಿಗೆ ಕ್ಯಾಸೆಟ್ ನೂರು ವರ್ಷ ತಡ ಎಂದು 91,250 ಡಾಲರ್ ದಂಡ ತೋರಿಸಿತು. ಅದು ನಗುವ ವಿಷಯ. ಬ್ರಿಟನ್ನಿನ ಶೆಫೀಲ್ಡಿನದು ನಗುವ ವಿಷಯವಲ್ಲ. ಅಲ್ಲಿ ಗರ್ಭಿಣಿಯರ ರಕ್ತಪರೀಕ್ಷೆಯ ಫಲಿತಾಂಶ ಲೆಕ್ಕ ಹಾಕುವ ಕಂಪ್ಯೂಟರ್ 2000ದ ಜನವರಿಯಿಂದ ತಾಯಂದಿರ ವಯಸ್ಸನ್ನು ತಪ್ಪಾಗಿ ಎಣಿಸಿತು. ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ತಾಯಿಯ ವಯಸ್ಸನ್ನು ಅವಲಂಬಿಸಿದ್ದು. 150ಕ್ಕೂ ಹೆಚ್ಚು ಮಹಿಳೆಯರಿಗೆ ತಪ್ಪು ಉತ್ತರ ಹೋಯಿತು. ತಿಂಗಳುಗಳವರೆಗೆ ಯಾರಿಗೂ ಗೊತ್ತಾಗಲಿಲ್ಲ. ಏಕೆಂದರೆ ಯಂತ್ರ ನಿಂತಿರಲಿಲ್ಲ, ಕೆಲಸ ಮಾಡುತ್ತಲೇ ಇತ್ತು.

ಪುಕ್ಕಟೆ ಸಿಗುವ ಅಮ್ಮ

ವೈ2ಕೆ ಮುಗಿದರೂ ಆ ಉಪಾಯ ಉಳಿಯಿತು. ಈಗ ಲಿನಕ್ಸ್ ಕಂಪ್ಯೂಟರುಗಳಲ್ಲಿ ಲಿಬ್‌ಫೇಕ್‌ಟೈಮ್ ಎಂಬ ಪುಕ್ಕಟೆ, ಮುಕ್ತ ಸಾಫ್ಟ್‌ವೇರ್ ಇದೆ. ಜರ್ಮನಿಯ ವೋಲ್ಫ್‌ಗಾಂಗ್ ಹೋಮೆಲ್ ಎಂಬುವರು ಬರೆದು ಬೆಳೆಸಿದ್ದು. ಪ್ರೋಗ್ರಾಮ್ ಶುರುವಾಗುವ ಮೊದಲೇ ತನ್ನನ್ನು ಸೇರಿಸಿಕೊಳ್ಳಲು ಅದು ಯಂತ್ರಕ್ಕೆ ಹೇಳುತ್ತದೆ. ಆಮೇಲೆ ಆ ಪ್ರೋಗ್ರಾಮ್ ಕೇಳುವ ಪ್ರತಿ "ಟೈಮ್ ಎಷ್ಟು?" ಎಂಬ ಪ್ರಶ್ನೆಗೂ ಮೊದಲು ಉತ್ತರಿಸುವುದು ಇದೇ. ಒಂದು ತಾರೀಖಿನಲ್ಲಿ ಕಾಲವನ್ನು ನಿಲ್ಲಿಸಬಹುದು. ಇಂದಿಗಿಂತ ಇಷ್ಟು ದಿನ ಹಿಂದೆ, ಮುಂದೆ ಎನ್ನಬಹುದು. ಕಾಲವನ್ನು ಬೇಗ ಓಡಿಸಿ, ಒಂದು ವರ್ಷದ ಬಡ್ಡಿ ಲೆಕ್ಕವನ್ನು ಒಂದು ಮಧ್ಯಾಹ್ನದಲ್ಲಿ ನೋಡಬಹುದು. ಪ್ರೋಗ್ರಾಮ್ ಮುಚ್ಚಿದರೆ ಆ ಸುಳ್ಳು ಕಾಲವೂ ಮುಗಿಯಿತು. ಯಂತ್ರದ ಗಡಿಯಾರವನ್ನು ಯಾರೂ ಮುಟ್ಟಿಲ್ಲ.

ಇದಕ್ಕೂ ಮಿತಿಗಳಿವೆ. ಅಮ್ಮನನ್ನು ಕೇಳದೆ ನೇರ ಗೋಡೆ ನೋಡುವ ಹುಡುಗನಿಗೆ ಉಪಾಯ ನಡೆಯದು. ಯಂತ್ರದ ಒಳತಿರುಳನ್ನೇ ನೇರವಾಗಿ ಕೇಳುವ ಪ್ರೋಗ್ರಾಮುಗಳು ಹಾಗೆಯೇ ತಪ್ಪಿಸಿಕೊಳ್ಳುತ್ತವೆ. ಹೆಚ್ಚಿನ ಅಧಿಕಾರ ಇರುವ ಪ್ರೋಗ್ರಾಮುಗಳಿಗೆ ಹೀಗೆ ನಡುವೆ ನಿಲ್ಲುವವರನ್ನು ಸೇರಿಸಲು ಯಂತ್ರವೇ ಬಿಡುವುದಿಲ್ಲ. ಬಿಟ್ಟರೆ ಕಳ್ಳರಿಗೆ ದಾರಿಯಾದೀತು. 2020ರಲ್ಲಿ ಬಂದ ಲಿನಕ್ಸ್ 5.6 ಆವೃತ್ತಿಯಲ್ಲಿ ಒಳತಿರುಳಿನಲ್ಲಿಯೇ ಬೇರೆ ಬೇರೆ ಕಾಲದ ಕೋಣೆಗಳನ್ನು ಮಾಡುವ ವ್ಯವಸ್ಥೆ ಬಂತು. ಆದರೆ ಅದು ಯಂತ್ರ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬ ಎಣಿಕೆಗೆ ಮಾತ್ರ, ಕ್ಯಾಲೆಂಡರ್ ತಾರೀಖಿಗೆ ಅಲ್ಲ.

ನಮಗೇನು?

ಇದೆಲ್ಲ ಬೆಂಗಳೂರಿನವರ ಮಾತು, ಕಂಪ್ಲಿಯ ಗದ್ದೆಯಲ್ಲಿರುವ ನಮಗೇನು ಎಂದು ಕೇಳಬಹುದು. ನಮ್ಮ ಬದುಕೇ ಈಗ ತಾರೀಖಿನ ಲೆಕ್ಕದ ಮೇಲೆ ನಿಂತಿದೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. ಫೆಬ್ರವರಿ 29ರಂದು ಹುಟ್ಟಿದ ಅಜ್ಜಿಗೆ 65 ತುಂಬುವುದು ಯಾವ ದಿನ? ಬೆಳೆಸಾಲದ ಬಡ್ಡಿ ರಿಯಾಯಿತಿಗೆ ಕೊನೆಯ ದಿನ ಇದೆ. ಆ ದಿನ ರಾತ್ರಿ 11.59ಕ್ಕೆ ಕಟ್ಟಿದವರು ಒಳಗೋ ಹೊರಗೋ? ಪ್ರೋಗ್ರಾಮ್ ಬರೆದವರು ಇಂಥ ದಿನಗಳನ್ನು ಮೊದಲೇ ತೋರಿಸಿ ಪರೀಕ್ಷಿಸಿದ್ದರೆ ಸರಿ. ಇಲ್ಲದಿದ್ದರೆ ಪರೀಕ್ಷೆ ನಡೆಯುವುದು ನಮ್ಮ ಮೇಲೆ, ಕೌಂಟರಿನ ಮುಂದಿನ ಸಾಲಿನಲ್ಲಿ. 2024ರ ಫೆಬ್ರವರಿ 29ರಂದು ನ್ಯೂಜಿಲೆಂಡಿನಲ್ಲಿ ನಾವೇ ಹಾಕಿಕೊಳ್ಳುವ ಮಾದರಿಯ ಹಲವು ಪೆಟ್ರೋಲ್ ಪಂಪುಗಳು ಗಂಟೆಗಟ್ಟಲೆ ಕಾರ್ಡ್ ಹಣ ತೆಗೆದುಕೊಳ್ಳಲಿಲ್ಲ. ಕಾರಣ ಅಧಿಕ ದಿನ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವನ್ನೇ ಮರೆತಿದ್ದರು.

ಮುಂದಿನ ದೊಡ್ಡ ದಿನದ ತಾರೀಖು ಈಗಲೇ ಗೊತ್ತಿದೆ. ಬಹಳಷ್ಟು ಕಂಪ್ಯೂಟರುಗಳು ಕಾಲವನ್ನು 1970ರ ಜನವರಿ 1ರಿಂದ, ನಮ್ಮ ಲೆಕ್ಕದಲ್ಲಿ ಅಂದಿನ ಬೆಳಗಿನ 5.30ರಿಂದ, ಸೆಕೆಂಡುಗಳಲ್ಲಿ ಎಣಿಸುತ್ತ ಬಂದಿವೆ. ಹಳೆಯ ಮಾದರಿಯಲ್ಲಿ ಆ ಎಣಿಕೆಗೆ ಇಟ್ಟಿರುವ ಪಾತ್ರೆ 2,14,74,83,647 ಸೆಕೆಂಡಿಗೆ ತುಂಬುತ್ತದೆ. ಅದು ತುಂಬುವುದು 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರು ಸೆಕೆಂಡಿಗೆ ಆ ಪ್ರೋಗ್ರಾಮುಗಳು 1901ರ ಡಿಸೆಂಬರಿಗೆ ಬೀಳುತ್ತವೆ. ರಾಬರ್ಟ್ ಸೆವೆಲ್ ವಿಜಯನಗರದ ಚರಿತ್ರೆಯ ಪುಸ್ತಕ ಪ್ರಕಟಿಸಿ ಆಗಿನ್ನೂ ಒಂದು ವರ್ಷ ಕಳೆದಿತ್ತು, ಅಷ್ಟೇ.

ಹೊಸ ಫೋನು, ಹೊಸ ಕಂಪ್ಯೂಟರುಗಳಲ್ಲಿ ಪಾತ್ರೆ ದೊಡ್ಡದಾಗಿದೆ. ಅವುಗಳ ಚಿಂತೆ ಕಡಿಮೆ. ಚಿಂತೆ ಇರುವುದು ಒಮ್ಮೆ ಕೂರಿಸಿ ಮರೆತುಬಿಡುವ ಯಂತ್ರಗಳದು: ಮೀಟರು, ಪಂಪಿನ ನಿಯಂತ್ರಣ ಪೆಟ್ಟಿಗೆ, ಹಳೆಯ ಬಿಲ್ಲಿಂಗ್ ಯಂತ್ರ. ಅವುಗಳ ಪ್ರೋಗ್ರಾಮಿಗೆ 2038ನ್ನು ಇವತ್ತೇ ತೋರಿಸಿ ನೋಡುವ ಉಪಕರಣ ನಮ್ಮ ಕೈಯಲ್ಲಿದೆ. ನಿಮ್ಮ ಮನೆಯ ಮಕ್ಕಳು ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿದ್ದರೆ ಹೇಳಿ, ಇದು ಪುಕ್ಕಟೆ ಕಲಿಯಬಹುದಾದ, ನಿಜವಾಗಿ ಬೇಕಾದ ಕೆಲಸ.

ಆ ರೈತರು ಈಗಲೂ ಹೊಸಪೇಟೆ ಸಂತೆಯಲ್ಲಿ ಸಿಗುತ್ತಾರೆ. ಬಿಲ್ ಕೈಗೆ ಬಂದ ಕೂಡಲೇ ಅಂಗಡಿಯ ಮುಂದೆಯೇ ನಿಂತು ಮೊದಲು ತಾರೀಖು ನೋಡುತ್ತಾರಂತೆ. ಆಮೇಲೆ ಚೀಲದ ಚೀಟಿ. ಆಮೇಲೆ ಮೊತ್ತ. ನೀವೂ ಹಾಗೇ ಮಾಡಿ.